ತಾಮ್ರಕ್ಕೊಂದು ಕೋಣೆ

ಗಿಲ್‌ರಾಯ್‌ನ ನಮ್ಮ ಮನೆಗೆ ಮೂರು ಬೆಡ್‌ರೂಮುಗಳಿದ್ದವು. ಒಂದು ಅಪ್ಪ ಅಮ್ಮನದು, ಒಂದು ನನ್ನದೂ ಅತ್ತೆಯದೂ, ಮೂರನೆಯದು ತಾಮ್ರದ್ದು. ಮನೆಯಲ್ಲಿದ್ದ ನಾಲ್ವರಲ್ಲಿ ಯಾರಿಗೂ ಇಲ್ಲದ ಮರ್ಯಾದೆ ಆ ಮೂರನೆಯ ಕೋಣೆಗಿತ್ತು. ಅದರ ಬಾಗಿಲು ಸದಾ ಮುಚ್ಚಿರಬೇಕು. ಕಿಟಕಿಗೆ ದಪ್ಪ ಪರದೆ. ಮೂಲೆಯಲ್ಲಿ ಗಾಳಿಯ ತೇವ ಹೀರುವ ಯಂತ್ರವೊಂದು ಬಿಡುವಿಲ್ಲದೆ ಗುಂಯ್ ಎನ್ನುತ್ತಿತ್ತು. ನಡುವೆ ಒಂದು ಮೇಜು, ಮೇಜಿನ ಮೇಲೆ ಬಾಗಿದ ಕತ್ತಿನ ದೀಪ, ಭೂತಗನ್ನಡಿ, ಒಂಟೆಗೂದಲಿನ ಮೆತ್ತನೆಯ ಬ್ರಷ್ಷು. ಕಪಾಟಿನ ಉದ್ದನೆಯ ಡಬ್ಬಿಗಳಲ್ಲಿ, ಹತ್ತಿಬಟ್ಟೆಯ ಪುಟ್ಟ ಪುಟ್ಟ ಚೀಲಗಳೊಳಗೆ, ಈ ದೇಶ ಹುಟ್ಟಿದ ಹೊಸದರಲ್ಲಿ ಟಂಕಿಸಿದ ತಾಮ್ರದ ಸೆಂಟುಗಳು ಮಲಗಿದ್ದವು. ಈಗಿನ ಒಂದು ಸೆಂಟಿನ ನಾಣ್ಯಕ್ಕಿಂತ ಎಷ್ಟೋ ದೊಡ್ಡವು. ಒಂದು ಕಡೆ ಕೂದಲು ಬಿಚ್ಚಿದ ಹೆಣ್ಣಿನ ಮುಖ, ಇನ್ನೊಂದು ಕಡೆ ಎಲೆಗಳ ಹಾರ. ಆಗ ಅಚ್ಚುಗಳನ್ನು ಕೈಯಲ್ಲೇ ಕೊರೆಯುತ್ತಿದ್ದರಂತೆ. ಹಾಗಾಗಿ ಒಂದು ಅಚ್ಚಿನ ಎಲೆ ಇನ್ನೊಂದರಲ್ಲಿ ಚೂರು ಓರೆ, ಒಂದರ ಅಂಕಿ ಇನ್ನೊಂದರಲ್ಲಿ ಚೂರು ದೂರ. ಆ ಚೂರುಪಾರನ್ನು ಹುಡುಕುವುದರಲ್ಲಿ ಅಪ್ಪನ ರಜಾದಿನಗಳೆಲ್ಲ ಕಳೆಯುತ್ತಿದ್ದವು.

ಅಪ್ಪ ಉಡುಪಿಯವರು. ವಾಲ್ವು ತಯಾರಿಸುವ ಫ್ಯಾಕ್ಟರಿಯಲ್ಲಿ ತಪಾಸಣೆಯ ಕೆಲಸ. ದಿನವಿಡೀ ಲೋಹದ ತುಂಡುಗಳಲ್ಲಿ ಬಿರುಕು ಹುಡುಕಿ, ಫ್ರೀವೇನಲ್ಲಿ ಗಂಟೆಗಟ್ಟಲೆ ಕಾರು ಓಡಿಸಿ ಮನೆಗೆ ಬಂದು, ಮತ್ತೆ ಲೋಹದ ತುಂಡುಗಳ ಮುಂದೆ ಕೂರುತ್ತಿದ್ದರು. ಜೊತೆಗೆ ಕೆಲಸ ಮಾಡುತ್ತಿದ್ದ ಮುದುಕರೊಬ್ಬರು ನಿವೃತ್ತರಾಗುವ ದಿನ ಒಂದು ಸವೆದ ಸೆಂಟನ್ನು ಅಪ್ಪನ ಅಂಗೈಯಲ್ಲಿಟ್ಟು ಹೋದದ್ದು ಈ ಹುಚ್ಚಿನ ಮೂಲ. ಬೆಳ್ಳಿ ಬಂಗಾರದ ನಾಣ್ಯಗಳನ್ನು ಜನ ಬಚ್ಚಿಟ್ಟರು, ತಾಮ್ರ ಮಾತ್ರ ಎಲ್ಲರ ಕೈಯಲ್ಲೂ ಓಡಾಡಿತು ಅಂತ ಅಪ್ಪ ಹೇಳುವಾಗ ಅವರ ದನಿ ಮೆತ್ತಗಾಗುತ್ತಿತ್ತು. ನಮ್ಮ ಯಾರ ಬಗ್ಗೆಯೂ ಮಾತಾಡುವಾಗ ಅದು ಹಾಗೆ ಮೆತ್ತಗಾದದ್ದು ನನಗೆ ನೆನಪಿಲ್ಲ.

ತಾಮ್ರಕ್ಕೆ ತೇವ ಆಗದು, ಹೊಗೆ ಆಗದು, ಬೆರಳಿನ ಬೆವರು ಆಗದು. ನಮ್ಮ ಅಡುಗೆಮನೆ ಆ ಕೋಣೆಯ ಪಕ್ಕದಲ್ಲೇ ಇತ್ತು. ಅಮ್ಮ ಇಡ್ಲಿ ಬೇಯಿಸಲು ಇಟ್ಟರೆ ಹಬೆ, ಒಗ್ಗರಣೆ ಹಾಕಿದರೆ ಹೊಗೆ, ದೇವರ ಮುಂದೆ ಊದಿನಕಡ್ಡಿ ಹಚ್ಚಿದರೂ ಹೊಗೆ. ಸಾಸಿವೆ ಸಿಡಿಯುವುದಕ್ಕೂ ಅಪ್ಪ ಒಳಗಿನಿಂದ ಕೂಗುವುದಕ್ಕೂ ಸರಿಹೋಗುತ್ತಿತ್ತು.

"ಲಲಿತಾ, ಫ್ಯಾನು ಹಾಕಿದ್ದೀಯಾ?"

"ಹಾಕಿದೀನಿ ರೀ. ಅದು ಹಾಕಿದ್ರೆ ನನಗೆ ನನ್ನ ಮಾತೇ ಕೇಳ್ಸಲ್ಲ."

"ಅಡುಗೆಮನೆ ಬಾಗಿಲು?"

"ಅದನ್ನೂ ಹಾಕಿ ಇಲ್ಲೇ ಬೆಂದುಹೋಗ್ತೀನಿ ಬಿಡಿ."

ಅಮ್ಮ ಬೆಂಗಳೂರಿನ ಬಸವನಗುಡಿಯವಳು. ಗಿಲ್‌ರಾಯ್‌ನಲ್ಲಿ ಮನೆ ಅಗ್ಗ ಎನ್ನುವ ಒಂದೇ ಕಾರಣಕ್ಕೆ ಅಪ್ಪ ಅವಳನ್ನು ಅಲ್ಲಿಗೆ ಕರೆತಂದಿದ್ದರು. ಸುತ್ತ ಎಲ್ಲ ಬೆಳ್ಳುಳ್ಳಿಯ ಹೊಲಗಳೇ, ಬೇಸಿಗೆಯಲ್ಲಿ ಊರಿಗೆ ಊರೇ ಬೆಳ್ಳುಳ್ಳಿ ನಾರುತ್ತಿತ್ತು. ಬೆಳ್ಳುಳ್ಳಿಯಲ್ಲಿ ಗಂಧಕ ಉಂಟು, ಗಂಧಕ ತಾಮ್ರಕ್ಕೆ ವಿಷ ಅಂತ ಅಪ್ಪ ಎಲ್ಲೋ ಓದಿದ ಮೇಲೆ, ಸುಡುವ ಬಿಸಿಲಿನಲ್ಲೂ ನಮ್ಮ ಮನೆಯ ಕಿಟಕಿಗಳು ತೆರೆಯಲಿಲ್ಲ. ಬೇರೆಯವರ ಮನೆಯ ಮಕ್ಕಳು ತಾವು ಸೆಕೆಯಲ್ಲಿ ನಿದ್ದೆಗೆಟ್ಟದ್ದಕ್ಕೆ ಏನು ಕಾರಣ ಹೇಳುತ್ತಿದ್ದರೋ, ನಾನಂತೂ ಸ್ಕೂಲಿನಲ್ಲಿ ಬಾಯಿ ಬಿಡುತ್ತಿರಲಿಲ್ಲ.

ನನಗೆ ಅದಕ್ಕಿಂತ ದೊಡ್ಡ ಸಂಕಟ ಆ ಕೋಣೆಯದೇ. ಅತ್ತೆ ಬಂದು ನನ್ನ ಕೋಣೆ ಹಂಚಿಕೊಂಡಾಗಲೇ ಅದನ್ನು ನನಗೆ ಬಿಟ್ಟುಕೊಡುತ್ತೇನೆ ಎಂದು ಅಪ್ಪ ಹೇಳಿದ್ದರು. ಮೊದಲು "ನಾಣ್ಯ ಎಲ್ಲ ಗರಾಜಿಗೆ ಸಾಗಿಸ್ತೇನೆ" ಅಂದರು. ಗರಾಜಿನಲ್ಲಿ ಹಗಲು ಸೆಕೆ ರಾತ್ರಿ ಚಳಿ, ತಾಮ್ರಕ್ಕೆ ಒಗ್ಗದು ಅಂತಾಯಿತು. ಆಮೇಲೆ "ಮುಂದಿನ ಬೇಸಿಗೆಗೆ" ಅಂದರು. ಬೇಸಿಗೆಗೆ ಬೆಳ್ಳುಳ್ಳಿ ಅಡ್ಡ ಬಂತು. ನಾನು ಪ್ರತಿ ವರ್ಷ ಕೇಳಿದೆ, ಪ್ರತಿ ವರ್ಷ ಅಪ್ಪನ ಬಳಿ ಒಂದು ಶಾಸ್ತ್ರೀಯ ಕಾರಣ ಇತ್ತು.

ಅತ್ತೆ ಅಂದರೆ ಅಪ್ಪನ ಅಕ್ಕ, ಪದ್ಮಾವತಿ. ಮಕ್ಕಳಿಲ್ಲ. ಮಾವ ತೀರಿಹೋದ ಮೇಲೆ ಅಪ್ಪ ಉಡುಪಿಗೆ ಹೋಗಿ ಅವಳನ್ನು ಕರೆದುಕೊಂಡು ಬಂದರು. ಅಪ್ಪನನ್ನು ಎತ್ತಿ ಆಡಿಸಿ ಸಾಕಿದವಳು ಅವಳೇ ಅಂತೆ. ನನ್ನ ಕೋಣೆಯಲ್ಲಿ ಅವಳಿಗೂ ಒಂದು ಮಂಚ ಬಂತು. ಮೊದಲ ವಾರ ನಾನು ಮುಖ ಊದಿಸಿಕೊಂಡಿದ್ದೆ. ಆಮೇಲೆ ಅವಳು ಸ್ಕೂಲಿನಿಂದ ಬಂದ ನನಗೆ ಬಿಸಿ ಗೋಳಿಬಜೆ ಮಾಡಿಕೊಟ್ಟು, ನನ್ನ ಟೀಚರುಗಳ ಹೆಸರನ್ನೆಲ್ಲ ತನ್ನ ಬಾಯಿಗೆ ಬಂದ ಹಾಗೆ ತಿರುಚಿ ಹೇಳಿ ನಗಿಸಿ, ನನ್ನನ್ನು ಗೆದ್ದುಬಿಟ್ಟಳು. ನಾನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಅವಳು ಕನ್ನಡದಲ್ಲೇ ಮುಂದುವರಿಸುತ್ತಿದ್ದಳು. ಇಬ್ಬರಿಗೂ ಯಾವ ತೊಂದರೆಯೂ ಆಗುತ್ತಿರಲಿಲ್ಲ.

ಅವಳು ಊರಿನಿಂದ ದೇವರ ಪಾತ್ರೆಗಳನ್ನೂ ಒಂದು ತಾಮ್ರದ ಕೊಡಪಾನವನ್ನೂ ತಂದಿದ್ದಳು. ಪ್ರತಿ ಶುಕ್ರವಾರ ಹಿತ್ತಿಲ ನಲ್ಲಿಯ ಬಳಿ ಕೂತು ಹುಣಸೆಹುಳಿ, ಉಪ್ಪು ಹಾಕಿ ಅವನ್ನು ತಿಕ್ಕುತ್ತಿದ್ದಳು. ಬಿಸಿಲಿಗೆ ಇಟ್ಟರೆ ಕಣ್ಣು ಕುಕ್ಕುವ ಹಾಗೆ ಕೆಂಪಗೆ ಹೊಳೆಯುತ್ತಿದ್ದವು. ಬಂದ ಹೊಸದರಲ್ಲಿ ಅಪ್ಪ ಹೆಮ್ಮೆಯಿಂದ ಅಕ್ಕನನ್ನು ಮೂರನೆಯ ಕೋಣೆಗೆ ಕರೆದು ನಾಣ್ಯಗಳನ್ನು ತೋರಿಸಿದರು. ಅತ್ತೆ ಬಗ್ಗಿ ನೋಡಿದಳು.

"ಎಂತ ಮಾರಾಯ ವಾಸು, ಇಷ್ಟು ಕಪ್ಪಾದದ್ದನ್ನು ಪೆಟ್ಟಿಗೆಯಲ್ಲಿಟ್ಟು ಕಾಯುದಾ? ಕೊಡು ಇಲ್ಲಿ, ಚೂರು ಹುಳಿ ಹಚ್ಚಿ ತಿಕ್ಕಿ ಕೊಡ್ತೇನೆ."

ಅಮ್ಮ ಬಾಗಿಲಲ್ಲಿ ನಿಂತು ನಕ್ಕಳು, ನಾನೂ ನಕ್ಕೆ. ಅಪ್ಪ ನಗಲಿಲ್ಲ. ತಿಕ್ಕಿದ ತಾಮ್ರ ಸತ್ತ ತಾಮ್ರ, ಆ ಕಂದು ಬಣ್ಣ ಬರಲಿಕ್ಕೆ ಇನ್ನೂರು ವರ್ಷ ಬೇಕು ಅಂತ ದೊಡ್ಡ ಉಪನ್ಯಾಸ ಕೊಟ್ಟರು. ಅತ್ತೆ "ಆಯ್ತಪ್ಪ, ನಾನು ಮುಟ್ಟುದಿಲ್ಲ" ಅಂದು ಹೊರಗೆ ಬಂದಳು. ಆಮೇಲೆ ಆ ಕೋಣೆಗೆ ಅವಳು ಕಾಲಿಟ್ಟದ್ದನ್ನು ನಾನು ನೋಡಿಲ್ಲ.

ಭಾನುವಾರ ಊಟವಾದ ಮೇಲೆ ಅಪ್ಪ ನನ್ನನ್ನು ಮೇಜಿನೆದುರು ಕೂರಿಸಿಕೊಂಡು ನಾಣ್ಯಗಳ ದರ್ಜೆ ಗುರುತಿಸುವುದನ್ನು ಕಲಿಸುತ್ತಿದ್ದರು. ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಬೆಳಕಿಗೆ ಓರೆಯಾಗಿ ತಿರುಗಿಸಬೇಕು.

"ಮೊದಲು ಗೆರೆ ಎಷ್ಟು ಉಳಿದಿದೆ ನೋಡು. ಒಂದರಿಂದ ಎಪ್ಪತ್ತರ ಒಳಗೆ ಅದಕ್ಕೊಂದು ನಂಬರ್ ಹೇಳು. ಆಮೇಲೆ ಕಳೆಯುದು."

"ಕಳೆಯೋದು ಏನನ್ನ?"

"ಗೀರು, ಪೆಟ್ಟು, ಕಿಲುಬು. ಯಾರಾದ್ರೂ ತಿಕ್ಕಿದ್ರೆ ಅರ್ಧಕ್ಕರ್ಧ."

"ವೈ ಸೋ ಮಚ್?"

"ತಿಕ್ಕಿದ್ದು ಪುನಃ ಮೊದಲಿನ ಹಾಗೆ ಆಗುದಿಲ್ಲ, ಅದಕ್ಕೆ."

ನಾನು ಇಪ್ಪತ್ತೈದು ಅಂದರೆ ಅಪ್ಪ ಹನ್ನೆರಡು ಅನ್ನುತ್ತಿದ್ದರು. ಮತ್ತೆ ನೋಡು, ಕಿವಿಯ ಕೆಳಗೆ ನೋಡು, ಹಾರದ ಗಂಟು ನೋಡು. ಅವರಿಗೆ ಕಾಣುವ ಕಲೆ ನನಗೆ ಯಾವತ್ತೂ ಮೊದಲು ಕಾಣಲಿಲ್ಲ. ನನಗೆ ಕಣ್ಣಿಲ್ಲ ಎಂದೇ ಬಹಳ ವರ್ಷ ನಂಬಿಕೊಂಡಿದ್ದೆ. ಅಪ್ಪನ ಕಣ್ಣು ತಪ್ಪದು ಎನ್ನುವುದು ನಮ್ಮ ಮನೆಯಲ್ಲಿ ಯಾರೂ ಚರ್ಚೆ ಮಾಡುವ ವಿಷಯವಾಗಿರಲಿಲ್ಲ.

ನಾನು ಮಿಡಲ್ ಸ್ಕೂಲಿನಲ್ಲಿದ್ದಾಗ ಸ್ಯಾನ್ ಹೋಸೆಯ ಒಂದು ನಾಣ್ಯಮೇಳದಲ್ಲಿ, ವ್ಯಾಪಾರಿಯೊಬ್ಬನ ಚಿಲ್ಲರೆ ಡಬ್ಬಿಯೊಳಗಿಂದ ಅಪ್ಪ ಒಂದು ಸೆಂಟನ್ನು ಎತ್ತಿದರು. ಎತ್ತಿದವರು ಅಲ್ಲಾಡದೆ ನಿಂತುಬಿಟ್ಟರು. ಹಾರದ ತುದಿಯ ಒಂದು ಎಲೆ ಅಕ್ಷರದ ಕಡೆ ವಾಲಿದ ರೀತಿ ನೋಡಿ, ಅದು ಅಪರೂಪದ ಅಚ್ಚು ಎಂದು ಅವರಿಗೆ ಗೊತ್ತಾಗಿತ್ತು; ಮಾರುವವನಿಗೆ ಗೊತ್ತಾಗಿರಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ತಮ್ಮಷ್ಟಕ್ಕೆ ನಗುತ್ತಿದ್ದರು. ಅಂದು ಅಮ್ಮನಿಗೆ ಪಾಯಸ ಮಾಡು ಅಂದರು, ಅಡುಗೆಮನೆ ಬಾಗಿಲು ತೆರೆದೇ ಇತ್ತು, ಫ್ಯಾನಿನ ಮಾತು ಬರಲಿಲ್ಲ. ನಾಣ್ಯ ಹುರಿದ ಕಾಫಿಬೀಜದ ಬಣ್ಣಕ್ಕಿತ್ತು, ಒಂದೇ ಸಮನೆ, ಒಂದೂ ಕಲೆಯಿಲ್ಲದೆ. ಅಪ್ಪ ಅದಕ್ಕೆ ನಲವತ್ತು ಕೊಟ್ಟರು, ಕೈಯಿಂದ ಕೈಗೆ ಓಡಾಡಿದ ಸೆಂಟಿಗೆ ಅದು ದೊಡ್ಡ ಅಂಕ. ಒಂದನ್ನೂ ಕಳೆಯಲಿಲ್ಲ. ಅಪ್ಪ ಏನನ್ನೂ ಕಳೆಯದ ಮೊದಲ ವಸ್ತು ಅದು. ದಿನಾ ಕೆಲಸಕ್ಕೆ ಹೋಗುವ ಮೊದಲು, ಬಂದ ಮೇಲೆ, ಮೆತ್ತನೆಯ ಬ್ರಷ್ಷಿನಿಂದ ಅದನ್ನು ಸವರುತ್ತಿದ್ದರು. ಹಾಗೆ ಸವರಿದರೆ ತಾಮ್ರದ ಹೊಳಪು ಏಳುತ್ತದೆ ಎಂದು ಎಲ್ಲ ಸಂಗ್ರಾಹಕರೂ ಮಾಡುತ್ತಾರೆ. ಲಾಸ್ ಗ್ಯಾಟೋಸ್‌ನಲ್ಲಿ ಹಾವರ್ಡ್ ಎಂಬ ಹಿರಿಯ ಸಂಗ್ರಾಹಕರ ಮನೆಯಲ್ಲಿ ತಾಮ್ರದವರೆಲ್ಲ ಆಗಾಗ ಸೇರುತ್ತಿದ್ದರು. ಅಲ್ಲಿ ಅದನ್ನು ತೋರಿಸುವ ದಿನಕ್ಕೆ ಅಪ್ಪ ಮದುವೆಗೆ ಕಾಯುವ ಹಾಗೆ ಕಾಯುತ್ತಿದ್ದರು.

ಒಂದು ಶನಿವಾರ ಬೆಳಿಗ್ಗೆ ನಾವು ದೋಸೆ ತಿನ್ನುತ್ತಿದ್ದಾಗ ಮೂರನೆಯ ಕೋಣೆಯಿಂದ ಅಪ್ಪ ಹೊರಗೆ ಬಂದರು. ಅವರ ಮುಖ ನೋಡಿ ಊರಿನಲ್ಲಿ ಯಾರೋ ತೀರಿಕೊಂಡರು ಅಂತ ನಾನು ತಿಳಿದೆ. ಬೆರಳ ನಡುವೆ ಆ ನಾಣ್ಯ ಇತ್ತು. ಹೆಣ್ಣಿನ ಕೆನ್ನೆಯ ಮೇಲೆ ತೊಗರಿಬೇಳೆಯಷ್ಟು ಜಾಗ ಕಂದು ಹೋಗಿ ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು.

ಅಪ್ಪ ಮತ್ತು ಅತ್ತೆ ತಮ್ಮತಮ್ಮಲ್ಲೇ ಮಾತಾಡುವಾಗ ತುಳುವಿನಲ್ಲಿ ಮಾತಾಡುತ್ತಿದ್ದರು. ಅಂದು ಅಪ್ಪ ಕನ್ನಡದಲ್ಲಿ ಕೇಳಿದರು, ಎಲ್ಲರಿಗೂ ಗೊತ್ತಾಗಲಿ ಎನ್ನುವಂತೆ.

"ಅಕ್ಕ, ನಿನ್ನೆ ಶುಕ್ರವಾರ. ಪಾತ್ರೆ ತಿಕ್ಕಿದ್ದಿ ಅಲ್ಲವಾ?"

"ತಿಕ್ಕಿದ್ದು ಹೌದು."

"ಇದನ್ನೂ ತಿಕ್ಕಿದ್ದಿ."

ಅತ್ತೆಗೆ ಮೊದಲು ಅರ್ಥವೇ ಆಗಲಿಲ್ಲ. ಕಾವಲಿಯ ಮೇಲಿನ ದೋಸೆ ಮಗುಚಿ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು, ನಾಣ್ಯವನ್ನು ನೋಡಲು ಹತ್ತಿರ ಬಂದಳು.

"ನಾನು ಮುಟ್ಟಿಲ್ಲ ವಾಸು."

"ನೀನೇ ಹೇಳಿದ್ದಿ, ಹುಳಿ ಹಚ್ಚಿ ಕೊಡ್ತೇನೆ ಅಂತ. ಎಲ್ಲರ ಎದುರೇ ಹೇಳಿದ್ದಿ."

"ಅದು ತಮಾಷೆಗೆ ಹೇಳಿದ್ದು ಮಾರಾಯ!"

"ಕೈ ತೋರಿಸು."

ಅತ್ತೆ ಕೈ ತೋರಿಸಿದಳು. ತಮ್ಮ ಕೇಳಿದ ಅಂತ ಆ ದೊಡ್ಡ ಹೆಂಗಸು ಎರಡೂ ಅಂಗೈಗಳನ್ನು ಮುಂದೆ ಚಾಚಿದಳು. ಅಪ್ಪ ಅವಳ ಮಣಿಕಟ್ಟು ಹಿಡಿದು ಕೈಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಬೆರಳ ತುದಿಗಳಲ್ಲಿ, ಉಗುರಿನ ಸಂದಿಯಲ್ಲಿ, ಹಿಂದಿನ ದಿನದ ಹುಣಸೆಯ ಕಲೆ ಇದ್ದೇ ಇತ್ತು. ಪ್ರತಿ ಶನಿವಾರವೂ ಇರುತ್ತಿತ್ತು.

"ರೀ, ಏನ್ ಮಾಡ್ತಿದೀರಾ? ಅವರು ನಿಮ್ಮ ಅಕ್ಕ!" ಅಂದಳು ಅಮ್ಮ.

"ಶಿ ಡಿಡಂಟ್ ಡು ಇಟ್," ಅಂತ ನಾನು ಕೂಗಿದೆ. "ನಿನ್ನೆ ಸ್ಕೂಲಿಂದ ಬಂದಾಗಿಂದ ನಾನು ಅತ್ತೆ ಜೊತೆಗೇ ಇದ್ದೆ."

"ಸುಮ, ನೀನು ಸುಮ್ಮನಿರು. ನೀನು ಬರುವ ಮೊದಲು ಇಡೀ ದಿನ ಇತ್ತು."

ಅತ್ತೆ ಕೈ ಬಿಡಿಸಿಕೊಂಡಳು. ಕಾವಲಿಯ ಮೇಲೆ ದೋಸೆ ಕರಕಲಾಗಿತ್ತು. ಅದನ್ನು ಕೆರೆದು ತೆಗೆದು, ಕಾವಲಿ ತೊಳೆದಿಟ್ಟು, ಕೋಣೆಗೆ ಹೋದಳು. ಅಳಲಿಲ್ಲ, ಕೂಗಾಡಲಿಲ್ಲ. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನಿಸುತ್ತದೆ.

ಮಾವನ ಅಣ್ಣನ ಮಗ ರಾಘು ಡ್ಯಾನ್‌ವಿಲ್‌ನಲ್ಲಿದ್ದ. ಅವನ ಹೆಂಡತಿ ವೀಣಾಗೆ ಆಗ ತಾನೆ ಎರಡನೆಯ ಮಗುವಾಗಿತ್ತು. ಸ್ವಲ್ಪ ದಿನ ಬಂದಿರಿ ಎಂದು ಅವರು ಮೊದಲೇ ಕೇಳಿದ್ದರು. ಅತ್ತೆ ಬರುತ್ತೇನೆಂದು ಫೋನು ಮಾಡಿದಳು. ಅಮ್ಮ ಬೇಡವೆಂದು ಎಷ್ಟು ಗೋಗರೆದರೂ ಕೇಳಲಿಲ್ಲ. ಮುಂದಿನ ವಾರ ಅಪ್ಪನೇ ಕಾರಿನಲ್ಲಿ ಬಿಟ್ಟುಬರಲು ಹೊರಟರು, ನಾನು ಹಟ ಮಾಡಿ ಹಿಂದಿನ ಸೀಟಿನಲ್ಲಿ ಕೂತೆ. ರಾಘುವಿನ ಮನೆ ಮುಂದೆ ಇಳಿದ ಮೇಲೆ ಅತ್ತೆ ಕಾರಿನ ಕಿಟಕಿಗೆ ಬಗ್ಗಿ ಇಷ್ಟು ಹೇಳಿದಳು:

"ಊಟ ಸರಿಯಾಗಿ ಮಾಡು ವಾಸು. ಆಫೀಸಿನಲ್ಲಿ ಬರೀ ಬ್ರೆಡ್ಡು ತಿನ್ಬೇಡ."

ಹೀಗೆ ನನಗೆ ಕೊನೆಗೂ ನನ್ನದೇ ಆದ ಕೋಣೆ ಸಿಕ್ಕಿತು. ಅತ್ತೆಯ ಮಂಚ ಖಾಲಿ ಉಳಿಯಿತು. ಗೋಡೆಗೆ ಬೇಕಾದ ಪೋಸ್ಟರು ಅಂಟಿಸಿಕೋ ಅಂತ ಅಪ್ಪ ಹೇಳಿದರು, ಏನೋ ಕೊಡುಗೆ ಕೊಡುವವರ ಹಾಗೆ. ನಾನು ಒಂದನ್ನೂ ಅಂಟಿಸಲಿಲ್ಲ.

ಕೆಲವು ತಿಂಗಳಾದ ಮೇಲೆ ಅಪ್ಪ ಆ ನಾಣ್ಯವನ್ನು ಲಾಸ್ ಗ್ಯಾಟೋಸ್‌ಗೆ ತೆಗೆದುಕೊಂಡು ಹೋದರು. ಅಷ್ಟರಲ್ಲಿ ಕೆಂಪು ಕೆನ್ನೆಯಿಂದ ಕೂದಲಿಗೂ ಹಬ್ಬಿತ್ತು. ಇದನ್ನು ಹೇಗಾದರೂ ಉಳಿಸಬಹುದೇ ಎಂದು ಕೇಳುವುದು ಅವರ ಉದ್ದೇಶ. ನನ್ನನ್ನೂ ಕರೆದರು, ಅತ್ತೆ ಹೋದಾಗಿನಿಂದ ನಾನು ಅವರೊಂದಿಗೆ ಸರಿಯಾಗಿ ಮಾತಾಡುತ್ತಿರಲಿಲ್ಲ, ರಾಜಿ ಮಾಡಿಕೊಳ್ಳುವ ದಾರಿ ಇರಬೇಕು. ಹಾವರ್ಡ್ ಎತ್ತರದ, ಸಮಾಧಾನದ ಮನುಷ್ಯ. ಕಿಟಕಿಯ ಪಕ್ಕ ಕೂತು ನಾಣ್ಯವನ್ನು ತುಂಬ ಹೊತ್ತು ತಿರುಗಿಸಿ ನೋಡಿದರು. ಆಮೇಲೆ, ಇದಕ್ಕೆ ಬಣ್ಣ ಹತ್ತಿಸಿದವರು ಯಾರು ಎಂದು ಕೇಳಿದರು. ಅಪ್ಪ, ಬಣ್ಣ ಅಲ್ಲ, ನನ್ನ ಅಕ್ಕ ಹುಳಿ ಹಾಕಿ ತಿಕ್ಕಿದಳು ಅಂದರು.

ಹಾವರ್ಡ್ ಭೂತಗನ್ನಡಿಯನ್ನು ಅಪ್ಪನ ಕೈಗೆ ಕೊಟ್ಟು ಇಂಗ್ಲಿಷಿನಲ್ಲಿ ವಿವರಿಸಿದ್ದು ಇಷ್ಟು. ಯಾರೋ ಬಹಳ ಹಿಂದೆ ಈ ನಾಣ್ಯವನ್ನು ಎರಡೂ ಕಡೆ ಉಜ್ಜಿದ್ದಾರೆ. ಕಂದು ಉಳಿದಿರುವ ಜಾಗದಲ್ಲೂ ಆ ಸಣ್ಣ ಗೀರುಗಳು ಬಣ್ಣದ ಅಡಿಯಲ್ಲೇ ಹರಿದಿವೆ, ನೋಡು. ಉಜ್ಜಿದ್ದು ಮುಚ್ಚಲು ಮೇಲೆ ಬಣ್ಣ ಹತ್ತಿಸಿದ್ದಾರೆ. ಅಕ್ಷರಗಳ ಮೂಲೆಯಲ್ಲಿ ಅದು ಹೆಪ್ಪುಗಟ್ಟಿದೆ. ಉಬ್ಬಿದ ಜಾಗದಲ್ಲಿ ಮೊದಲು ಹೋಗುತ್ತಿದೆ, ಯಾಕೆಂದರೆ ಬ್ರಷ್ಷು ಮೊದಲು ತಾಗುವುದು ಅಲ್ಲಿಗೇ. ನೀನೇ ಅದನ್ನು ತೆಗೆಯುತ್ತಿದ್ದೀಯ, ವಾಸು.

ಅಪ್ಪ ಭೂತಗನ್ನಡಿಯನ್ನು ಕೆಳಗಿಡಲೇ ಇಲ್ಲ. ನೀನು ಎಷ್ಟು ಕೊಟ್ಟಿದ್ದೆ ಎಂದು ಹಾವರ್ಡ್ ಕೇಳಿದರು. ನಲವತ್ತು ಎಂದ ಅಪ್ಪನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. ಅಚ್ಚು ನೀನು ಹೇಳಿದ್ದೇ ಸರಿ, ಅಪರೂಪದ್ದೇ, ಆದರೆ ಹದಿನೈದಕ್ಕಿಂತ ಮೇಲೆ ನಾನು ಕೊಡಲಾರೆ ಎಂದರು ಹಾವರ್ಡ್, ಬಹಳ ಮೃದುವಾಗಿ.

ಕಾರಿನಲ್ಲಿ ಕೂತ ಕೂಡಲೇ ನಾನು ಹೇಳಿದೆ:

"ಡ್ಯಾನ್‌ವಿಲ್‌ಗೆ ಹೋಗೋಣ ಅಪ್ಪ. ನೌ."

"ಇವತ್ತು ಬೇಡ."

"ವೈ ನಾಟ್?"

"ಟ್ರಾಫಿಕ್ ಉಂಟು."

ರಸ್ತೆ ಖಾಲಿ ಬಿದ್ದಿತ್ತು. ಸ್ವಲ್ಪ ದೂರ ಬಂದ ಮೇಲೆ, ಇದನ್ನೆಲ್ಲ ಮನೆಯಲ್ಲಿ ಈಗಲೇ ಹೇಳುವ ಅಗತ್ಯ ಇಲ್ಲ ಅಂದರು. ನಾನು ಆಗಲಿ ಎನ್ನಲಿಲ್ಲ. ಸಂಜೆ ಊಟಕ್ಕೆ ಕೂತಾಗ ಹೇಳಿದೆ. ಇಂಗ್ಲಿಷಿನಲ್ಲಿ ಹೇಳಿದರೆ ಅಪ್ಪ ಇಂಗ್ಲಿಷಿನಲ್ಲಿ ವಾದಿಸಿ ಗೆಲ್ಲುತ್ತಾರೆ ಎಂದು ಕನ್ನಡದಲ್ಲೇ, ತಡವರಿಸಿಕೊಂಡು, ಕೊನೆಯವರೆಗೂ ಹೇಳಿದೆ.

"ಅತ್ತೆ ಮಾಡಿಲ್ಲ. ಬಣ್ಣ ಮೊದಲೇ ಇತ್ತು. ನೀವೇ ಬ್ರಷ್ ಮಾಡಿ ಮಾಡಿ ತೆಗೆದಿದ್ದು. ನಿಮಗೆ ಕಾಣ್ಲಿಲ್ಲ."

ಅಮ್ಮ ಸಾರಿನ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು.

"ಹಾವರ್ಡ್ ಕೂಡ ಮನುಷ್ಯನೇ," ಅಂದರು ಅಪ್ಪ. "ಅವನಿಗೂ ತಪ್ಪಬಹುದು."

"ನಿಮಗೆ ಮಾತ್ರ ತಪ್ಪಲ್ಲ, ಅಲ್ವಾ?" ಎಂದು ಅಮ್ಮ ಎದ್ದು ಹೋಗಿ ಡ್ಯಾನ್‌ವಿಲ್‌ಗೆ ಫೋನು ಮಾಡಿದಳು. ಎಲ್ಲ ಹೇಳಿ, ಅತ್ತಿಗೆ, ವಾಪಸ್ ಬನ್ನಿ, ನಾನೇ ಬಂದು ಕರ್ಕೊಂಡು ಬರ್ತೀನಿ ಅಂದಳು. ನಾನು ಫೋನಿಗೆ ಕಿವಿ ತಾಗಿಸಿ ನಿಂತಿದ್ದೆ.

"ನಾನು ಮಾಡಿಲ್ಲ ಅಂತ ನನಗೆ ಗೊತ್ತುಂಟಲ್ಲ ಲಲಿತಾ," ಅಂದಳು ಅತ್ತೆ. "ಇದರಲ್ಲಿ ಹೊಸತು ಎಂತ? ಅವನು ಹೇಳಲಿ. ಬರ್ತೇನೆ."

ಅಪ್ಪ ಹೇಳಲಿಲ್ಲ. ಮಾರನೆಯ ಬೆಳಿಗ್ಗೆ ಅಮ್ಮ ಬಾಗಿಲು ಪೂರ್ತಿ ತೆರೆದಿಟ್ಟು, ಫ್ಯಾನು ಹಾಕದೆ, ದೊಡ್ಡ ಪಾತ್ರೆಯಲ್ಲಿ ಇಡ್ಲಿ ಇಟ್ಟಳು. ಹಬೆ ಮನೆಯೆಲ್ಲ ಓಡಾಡಿತು. ಅಪ್ಪ ಒಳಗಿನಿಂದ ಕೂಗಲಿಲ್ಲ. ಎದ್ದು ಬಂದು ಒಂದು ಟವೆಲ್ ತೆಗೆದುಕೊಂಡು ಹೋಗಿ, ತಾಮ್ರದ ಕೋಣೆಯ ಬಾಗಿಲಿನ ಅಡಿಗೆ ಒಳಗಿನಿಂದ ಸಿಕ್ಕಿಸಿದರು. ಆ ಟವೆಲ್ ನೋಡಿ ನನಗೆ ಬಂದ ಸಿಟ್ಟನ್ನು ಯಾವ ಭಾಷೆಯಲ್ಲೂ ಹೇಳಲಾರೆ. ಇಷ್ಟು ಸೂಕ್ಷ್ಮ ಇದ್ದ ಮನುಷ್ಯ ಒಂದು ಮಾತು ಆಡಲಾರನೇ?

ಅತ್ತೆ ಕೊನೆಯವರೆಗೂ ಡ್ಯಾನ್‌ವಿಲ್‌ನಲ್ಲೇ ಇದ್ದಳು. ರಾಘುವಿನ ಮಕ್ಕಳಿಬ್ಬರೂ ಅವಳ ಮಡಿಲಲ್ಲೇ ಬೆಳೆದರು. ಉಡುಪಿಯ ಕನ್ನಡವನ್ನು ಅವರು ನನಗಿಂತ ಚೆನ್ನಾಗಿ ಆಡುತ್ತಾರೆ. ಅದಕ್ಕೆ ನನಗೆ ಹೊಟ್ಟೆಕಿಚ್ಚು ಇಲ್ಲವೆಂದರೆ ಸುಳ್ಳಾಗುತ್ತದೆ. ನಾವು ನೋಡಲು ಹೋದಾಗಲೆಲ್ಲ ಅಪ್ಪ ಕಾರು ನಿಲ್ಲಿಸಿ, ಗ್ಯಾಸ್ ಹಾಕಿಸಿಕೊಂಡು ಬರ್ತೇನೆ ಎಂದು ಹೊರಟುಬಿಡುತ್ತಿದ್ದರು. ಅವಳು ತೀರಿಹೋದಾಗ ಕಾರ್ಯ ಮಾಡಿದ್ದು ರಾಘು. ಅಪ್ಪ ಹಿಂದೆ, ಬೇರೆಯವರ ಸಾಲಿನಲ್ಲಿ ನಿಂತಿದ್ದರು.

ಆ ಮನೆಯಿಂದ ನಾನು ಕಲಿತುಬಂದದ್ದು ಒಂದೇ: ತಪ್ಪಾಯಿತು ಎಂಬ ಮಾತನ್ನು ತಕ್ಷಣ ಹೇಳಿಬಿಡುವುದು. ಕೆಲವೊಮ್ಮೆ ತಪ್ಪು ನನ್ನದಲ್ಲದಿದ್ದರೂ ಹೇಳುತ್ತೇನೆ, ನನ್ನ ಗಂಡ ರೇಗುತ್ತಾನೆ. ಬೇರೆಯವರ ಬಾಯಿಂದಲೂ ಅದನ್ನು ಹೇಳಿಸಬೇಕೆಂದು ಜೀವ ತಿಂದು, ಹತ್ತಿರದ ಸ್ನೇಹಿತೆಯರನ್ನು ಕಳೆದುಕೊಂಡಿದ್ದೇನೆ. "ಅವರಿಗೆ ಗೊತ್ತಿರುತ್ತೆ ಬಿಡು" ಎಂದು ಯಾರಾದರೂ ಅಂದರೆ ನನ್ನ ಮೈ ಉರಿಯುತ್ತದೆ.

ಅಪ್ಪ ಈಗ ನನ್ನ ಜೊತೆಗಿದ್ದಾರೆ, ಫ್ರೀಮಾಂಟ್‌ನಲ್ಲಿ. ಅಮ್ಮ ಹೋದ ಮೇಲೆ ಗಿಲ್‌ರಾಯ್ ಮನೆ ಮಾರಿದೆವು. ಕಣ್ಣಿನ ಪೊರೆ ತೆಗೆಸಿದರೂ ಸೂಕ್ಷ್ಮ ಕಾಣುವುದಿಲ್ಲ, ನಾಣ್ಯಗಳನ್ನು ಕ್ಲಬ್ಬಿನ ಕಿರಿಯರಿಗೆ ಕೊಟ್ಟುಬಿಟ್ಟರು. ಈಚೆಗೆ ಒಂದು ಗೃಹಪ್ರವೇಶದಲ್ಲಿ ವೀಣಾ ಸಿಕ್ಕಿದಳು. ಮಾತಿನ ನಡುವೆ, ನಿಮ್ಮಪ್ಪ ಒಂದು ಸಲ ಒಬ್ಬರೇ ಬಂದಿದ್ದರಲ್ಲ ಅಂದಳು. ನನಗೆ ಗೊತ್ತಿರಲಿಲ್ಲ, ಅಮ್ಮನಿಗೂ ಗೊತ್ತಿರಲಿಲ್ಲ. ಅತ್ತೆ ಪತ್ರೊಡೆ ಬಡಿಸಿದಳಂತೆ, ತಿಂದರಂತೆ, ಊರಿನ ಮಳೆಯ ಬಗ್ಗೆ ಮಾತಾಡಿದರಂತೆ, ಎದ್ದು ಹೋದರಂತೆ. ಕಾರು ತಿರುವು ದಾಟಿದ ಮೇಲೆ ಅತ್ತೆ ವೀಣಾಗೆ ಹೇಳಿದ್ದಿಷ್ಟು: "ಬಂದದ್ದು ಯಾಕೆ ಅಂತ ಗೊತ್ತುಂಟು. ಬಾಯಿ ಬರ್ಲಿಲ್ಲ, ಪಾಪ."

ಅತ್ತೆ ಪಾಪ ಅಂದಳು. ನನಗೆ ಹಾಗನ್ನಲು ಆಗಲಿಲ್ಲ. ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಕೇಳಿದೆ. ಅಪ್ಪ ಟೀವಿಯ ಮುಂದೆ ಕೂತಿದ್ದರು.

"ಡ್ಯಾನ್‌ವಿಲ್‌ಗೆ ಒಬ್ಬರೇ ಹೋಗಿದ್ರಂತೆ. ಅಲ್ಲೀವರೆಗೂ ಹೋಗಿ ಯಾಕೆ ಹೇಳ್ಲಿಲ್ಲ ಅಪ್ಪ?"

ಅವರು ಪಕ್ಕಕ್ಕೆ ಬಗ್ಗಿ ಟೀವಿ ನೋಡಿದರು. ನಾನೂ ಬಿಡಲಿಲ್ಲ, ಎದುರಿಗೇ ನಿಂತೆ.

"ಹೇಳಿದ್ರೆ ಅಳ್ತಿದ್ದಳು," ಅಂದರು. "ಅಕ್ಕ ಅತ್ರೆ ನನಗೆ ನೋಡ್ಲಿಕ್ಕೆ ಆಗುದಿಲ್ಲ. ಚಿಕ್ಕಂದಿನಿಂದಲೂ."

"ಹೇಳದೆ ಇದ್ದದ್ದಕ್ಕೆ ಅತ್ತೆ ಅಳಲಿಲ್ಲ ಅಂದ್ಕೊಂಡ್ರಾ? ಅಷ್ಟು ವರ್ಷ?"

ಅಪ್ಪ ನನ್ನನ್ನು ನೋಡಲಿಲ್ಲ. ರಿಮೋಟನ್ನು ಕೈಗೆತ್ತಿಕೊಂಡು, ಗುಂಡಿ ಯಾವುದೆಂದು ಬೆರಳಿನಿಂದ ತಡಕಿದರು.

"ಅದು ನನಗೆ ಕಾಣ್ಲಿಲ್ಲ," ಅಂದರು.